ಗಾಳಿ ದಿನದ ನಡುಕ

ಅಳಿಯನಿಗೆ ಕುರ್ಚಿ ಸಿಕ್ಕಿದ್ದನ್ನಾದರೂ ಮೇಷ್ಟ್ರು ಹೇಗೋ ನುಂಗಿಕೊಳ್ಳುತ್ತಿದ್ದರು. ಆ ಗಿಡ್ಡ ಕಂಬವನ್ನು ಮಾತ್ರ ನುಂಗಲಾಗಲಿಲ್ಲ.

ಸಂಶೋಧನಾ ಸಂಸ್ಥೆಯ ಸಭಾಂಗಣದಲ್ಲಿ, ಎಲ್ಲರೆದುರು, ಗೋಡೆಯಗಲದ ಪರದೆಯ ಮೇಲೆ ಎರಡು ಕಂಬಗಳ ಚಿತ್ರ ಮೂಡಿತ್ತು. ಬಲಗಡೆಯ ನೀಲಿ ಕಂಬ ಎತ್ತರದ್ದು. ಅದರ ಕೆಳಗೆ 'ನಮ್ಮ ವ್ಯವಸ್ಥೆ' ಎಂದು ಬರೆದಿತ್ತು. ಎಡಗಡೆಯ ಬೂದು ಕಂಬ ಅದರ ಮೊಣಕಾಲಿಗೆ ಬರುವಷ್ಟು. ಅದರ ಕೆಳಗೆ 'ಹಳೆಯ ವಿಧಾನ' ಎಂದಿತ್ತು. ಸೇತುವೆಯೊಂದು ಯಾವಾಗ ದಣಿಯುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ಮುಂಚಿತವಾಗಿ ಹೇಳುವುದರಲ್ಲಿ ಯಾರು ಎಷ್ಟು ಸರಿ ಎಂಬುದರ ಲೆಕ್ಕ ಅದು. ಹಳೆಯ ವಿಧಾನವೆಂದರೆ ಬೇರೆ ಯಾರೂ ಅಲ್ಲ, ಮೇಷ್ಟ್ರೇ. ಗಾಳಿ ಬೀಸಿದಾಗ, ಲಾರಿ ಓಡಿದಾಗ ಸೇತುವೆ ಹೇಗೆ ಮೈ ಅಲುಗಿಸುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿದು, ಕಂಪ್ಯೂಟರಿನೊಳಗೆ ಇಡೀ ಸೇತುವೆಯನ್ನೇ ಕಟ್ಟಿ ನಿಲ್ಲಿಸಿದವರು ಅವರು. ಒಂದು ಆಯಸ್ಸಿನ ಕೆಲಸ ಬೂದು ಬಣ್ಣದ ಮೋಟು ಕಂಬವಾಗಿ ನಿಂತಿತ್ತು. "ಇದೆಲ್ಲ ನಮ್ಮ ಮಾವನವರು ಹಾಕಿಕೊಟ್ಟ ಬುನಾದಿ," ಎಂದು ಅಳಿಯ ವೇದಿಕೆಯಿಂದ ಅವರತ್ತ ಕೈ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಬುನಾದಿಯೆಂದರೆ ಮಣ್ಣೊಳಗೆ ಹೂತು ಮೇಲೆ ಓಡಾಡುವಂಥದ್ದು ಎಂಬ ಅರ್ಥ ಮೇಷ್ಟ್ರಿಗೆ ಅಂದೇ ಹೊಳೆದದ್ದು. ಚಪ್ಪಾಳೆ ನಿಲ್ಲುವ ಮೊದಲೇ ನಿರ್ದೇಶಕಿ ಎದ್ದುನಿಂತು, ಹೊಸ ಕೇಂದ್ರಕ್ಕೆ ಅಳಿಯನೇ ಮುಖ್ಯಸ್ಥ ಎಂದು ಸಾರಿದರು.

ಅಳಿಯ ಮೊದಲು ಅವರ ಶಿಷ್ಯ. "ಲೋ, ತಲೆಯಲ್ಲಿ ಏನಿಟ್ಕೊಂಡಿದ್ದೀಯೋ" ಎಂದು ಗದರಿ, ಕೆಂಪು ಶಾಯಿಯಲ್ಲಿ ತಿದ್ದಿ ಬೆಳೆಸಿದವನು. ಮಗಳು ಅವನನ್ನೇ ಮೆಚ್ಚಿ ಮದುವೆಯಾದ ಮೇಲೆ ಆ ಏಕವಚನ ಮೇಷ್ಟ್ರ ಬಾಯಲ್ಲೇ ಇಂಗಿಹೋಯಿತು. ಅಳಿಯನನ್ನು 'ನೀನು' ಎನ್ನಲು ಹೆಂಡತಿ ಬಿಡಲಿಲ್ಲ. ನಿನ್ನೆ ಮೊನ್ನೆ ಬಾಗಿಲ ಹೊರಗೆ ಕಾಯಿಸಿದವನಿಗೆ ಈಗ "ಬನ್ನಿ, ಕೂತ್ಕೊಳ್ಳಿ" ಎನ್ನಬೇಕು. ಅದಾದರೂ ಹೋಗಲಿ ಎಂದರೆ, ಅವನು ಕಟ್ಟಿದ ಯಂತ್ರಕ್ಕೆ ಒಂದು ಸಮೀಕರಣವೂ ಗೊತ್ತಿಲ್ಲ. ಸೇತುವೆಗೆ ಅಂಟಿಸಿದ ಸೆನ್ಸರ್‌ಗಳಿಂದ ಅದರ ನಡುಕವನ್ನು ವರ್ಷಗಟ್ಟಲೆ ಕೇಳಿಸಿಕೊಂಡು, ಕೇಳಿ ಕೇಳಿಯೇ ಕಲಿತುಕೊಂಡ ಯಂತ್ರ ಅದು. "ಯಾಕೆ ಹಾಗೆ ಹೇಳ್ತೀಯ ಅಂದ್ರೆ ಅದಕ್ಕೇ ಗೊತ್ತಿಲ್ಲ," ಎಂದು ಮೇಷ್ಟ್ರು ಮೂಗು ಮುರಿಯುತ್ತಿದ್ದರು. ಕಷ್ಟವೇನೆಂದರೆ, ಅದು ಹೇಳಿದ್ದು ನಿಜವಾಗುತ್ತಿತ್ತು.

ಹೊಟ್ಟೆಯುರಿ ಎಂದು ಯಾರಾದರೂ ಅಂದಿದ್ದರೆ ಮೇಷ್ಟ್ರು ಸಿಟ್ಟಾಗುತ್ತಿದ್ದರು. ತಮ್ಮದು ವಿಜ್ಞಾನದ ಬಗೆಗಿನ ಕಾಳಜಿ ಎಂದೇ ಅವರ ನಂಬಿಕೆ. ಆ ಕಾಳಜಿಯಿಂದ ಅವರಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ, ಅಳಿಯನ ಕೋಣೆಯ ಬಾಗಿಲಿಗೆ ಹೊಸ ಹೆಸರಿನ ಫಲಕ ಹೊಡೆಯುವ ಸದ್ದು ಕೇಳಿದರೆ ಹಲ್ಲು ನೋಯುತ್ತಿತ್ತು.

ಆಯುಧವನ್ನು ಅಳಿಯನೇ ತಂದುಕೊಟ್ಟ. ಕೇಂದ್ರದ ಮೊದಲ ದೊಡ್ಡ ವರದಿ ಸಿದ್ಧವಾಗುತ್ತಿತ್ತು. "ಮಾವ, ನೀವೊಂದು ಸಲ ಕಣ್ಣಾಡಿಸಿದ್ರೆ ನಂಗೆ ಧೈರ್ಯ," ಎಂದು ಅವನು ಅಧ್ಯಾಯಗಳನ್ನೂ ಮೂಲ ದಾಖಲೆಗಳನ್ನೂ ಒಪ್ಪಿಸಿದ. ಯಾವ ಅಪರಾಧಿಗೂ ಇಷ್ಟು ಮರ್ಯಾದೆಯಿಂದ ಚಾಕು ತಂದುಕೊಟ್ಟವರು ಇರಲಾರರು. ತಪ್ಪು ಹುಡುಕಲೆಂದೇ ಕನ್ನಡಕ ಒರೆಸಿಕೊಂಡು ಕೂತ ಮೇಷ್ಟ್ರಿಗೆ ತಪ್ಪೇನೂ ಸಿಗಲಿಲ್ಲ. ಒಂದು ಖಾಲಿ ಜಾಗ ಸಿಕ್ಕಿತು.

ನದಿಯ ಮೇಲಿನ ಉದ್ದ ಸೇತುವೆಗೆ ಒಂದು ದಿನ ಭಾರಿ ಗಾಳಿ ಬಡಿದಿತ್ತು. ಎಲ್ಲ ಸೆನ್ಸರ್‌ಗಳೂ ಅಂದಿನ ನಡುಕವನ್ನು ದಾಖಲಿಸಿದ್ದವು, ನಡುಮಧ್ಯದ್ದೊಂದನ್ನು ಬಿಟ್ಟು. ಅದು ಕೆಟ್ಟಿತ್ತೆಂದು ಸಂಸ್ಥೆಯ ಮೆಕ್ಯಾನಿಕ್ ಬಿಚ್ಚಿ ತಂದಿದ್ದ. ಜೇಬಿನಲ್ಲಿ ಸದಾ ಇಕ್ಕಳ ಇರುತ್ತಿದ್ದುದರಿಂದ ಅವನನ್ನು ಎಲ್ಲರೂ ಇಕ್ಕಳದಣ್ಣ ಎನ್ನುತ್ತಿದ್ದರು. ಹೀಗಾಗಿ ಅಂದಿನ ದಾಖಲೆಯಲ್ಲಿ ಆ ಸೆನ್ಸರಿನ ಪಾಲಿನ ತುಣುಕು ಬರಿದಾಗಿತ್ತು. ಅಳಿಯನ ಯಂತ್ರ ಉಳಿದ ಸೆನ್ಸರ್‌ಗಳಿಂದಲೇ ಕೆಲಸ ಸಾಗಿಸಿತ್ತು. ಸಮುದ್ರದಷ್ಟು ಅಂಕಿಗಳ ನಡುವೆ ಒಂದು ಚಮಚದಷ್ಟು ಖಾಲಿ. ಅದನ್ನು ಯಾರು ನೋಡುತ್ತಾರೆ?

ಆ ಖಾಲಿ ತುಂಬಿದ್ದರೆ? ಸೆನ್ಸರ್ ಇಕ್ಕಳದಣ್ಣನ ಮೇಜಿನ ಮೇಲೆ ಬಿದ್ದುಕೊಂಡಿದ್ದಾಗ ಅದರ ಹೆಸರಿನಲ್ಲಿ ಸೇತುವೆಯ ನಡುಕ ದಾಖಲಾಗಿದ್ದರೆ ಅದಕ್ಕೆ ಒಂದೇ ಅರ್ಥ: ಯಾರೋ ಕೂತು ಅಂಕಿಗಳನ್ನು ಹೊಸೆದಿದ್ದಾರೆ. ಮೇಷ್ಟ್ರ ವೃತ್ತಿಯಲ್ಲಿ ಇದಕ್ಕಿಂತ ಹೊಲಸು ಕೆಲಸವಿಲ್ಲ. ಕದ್ದವನನ್ನಾದರೂ ಮತ್ತೆ ಕರೆದು ಕಾಫಿ ಕೊಡುತ್ತಾರೆ, ಅಂಕಿ ಹೊಸೆದವನ ಮುಖ ಯಾರೂ ನೋಡುವುದಿಲ್ಲ. ವರದಿ ಯಾರದು? ಅಳಿಯನದು.

ಮೇಷ್ಟ್ರು ಅಳಿಯನನ್ನು ಹಾಳುಮಾಡಲು ಹೊರಟಿರಲಿಲ್ಲ, ಅವರ ಮಟ್ಟಿಗೆ. ಪೊಲೀಸರಿಲ್ಲ, ಜೈಲಿಲ್ಲ. ಒಂದು ಕುರ್ಚಿ ಕೈತಪ್ಪುತ್ತದೆ, ಅಷ್ಟೇ. ಹೆಸರು ಕೆಡದ ಹಿರಿಯರೊಬ್ಬರು ಕೇಂದ್ರಕ್ಕೆ ಬೇಕಾಗುತ್ತದೆ, ಮತ್ತೆ ಯಾರಿದ್ದಾರೆ? ಆಮೇಲೆ ತಾವೇ ದೊಡ್ಡ ಮನಸ್ಸು ಮಾಡಿ, "ಚಿಕ್ಕ ವಯಸ್ಸಲ್ಲಿ ಎಲ್ಲರೂ ಎಡವ್ತಾರೆ" ಎಂದು ಅವನನ್ನು ಕೈಕೆಳಗೆ ಇಟ್ಟುಕೊಂಡರಾಯಿತು. ಲೆಕ್ಕ ಮಾಡುವಾಗ ಸಣ್ಣಪುಟ್ಟ ಅಂಶಗಳನ್ನು ಮೊದಲೇ ಕೈಬಿಡುವುದು ಅವರ ವೃತ್ತಿಯ ರೂಢಿ. ಮಗಳ ಕಣ್ಣೀರನ್ನು ಅವರು ಸಣ್ಣ ಅಂಶವೆಂದು ಕೈಬಿಟ್ಟರು.

ಕೆಲಸ ಶುರುವಾದ ಮೇಲೆ ಅವರ ಹಲ್ಲುನೋವು ಮಾಯವಾಯಿತು. ತಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ತಮ್ಮ ಹಳೆಯ ಪ್ರೋಗ್ರಾಂ ತೆರೆದರು. ಈಗಿನವರಿಗೆ ಓದಲೂ ಬಾರದ ಭಾಷೆಯಲ್ಲಿ ಬರೆದದ್ದು ಅದು. ಅಂದಿನ ಗಾಳಿಯ ವೇಗ ಹವಾಮಾನ ಇಲಾಖೆಯಲ್ಲಿ ಸಿಕ್ಕಿತು. ಸೇತುವೆಯ ತೂಕ, ತಂತಿಗಳ ಬಿಗಿತ ಅವರಿಗೆ ಬಾಯಿಪಾಠ. ಗುಂಡಿ ಒತ್ತಿದರೆ ನಡುಕದ ಗೆರೆ ಸರಸರನೆ ಮೂಡಿತು. ಆದರೆ ಅದು ತೀರಾ ನುಣುಪಾಗಿತ್ತು. ನಿಜವಾದ ಸೇತುವೆ ಅಷ್ಟು ಸಭ್ಯವಾಗಿ ನಡುಗುವುದಿಲ್ಲ. ಗುಂಡಿಗೆ ಬಿದ್ದ ಲಾರಿ, ಓಡುವ ಮಕ್ಕಳು, ಸೆನ್ಸರಿನ ಒಳಗಿನ ಗುಂಯ್‌ಗುಡುವಿಕೆ, ಎಲ್ಲ ಸೇರಿ ಗೆರೆಯ ಮೈತುಂಬ ಗೊತ್ತುಗುರಿಯಿಲ್ಲದ ರೋಮ ಎದ್ದಿರುತ್ತದೆ. ಅದನ್ನು ಅವರ ಕಸುಬಿನವರು ಗದ್ದಲ ಎನ್ನುತ್ತಾರೆ. ಮೇಷ್ಟ್ರು ಪ್ರೋಗ್ರಾಮಿನ ಗದ್ದಲದ ಭಾಗವನ್ನು ತೆರೆದು, ಉಪ್ಪು ಖಾರ ನೋಡುವ ಹಾಗೆ, ಕೊಂಚ ಹೆಚ್ಚಿಸಿ, ಕೊಂಚ ಇಳಿಸಿ, ನಾಲಿಗೆಗೆ ಹಿಡಿಸುವವರೆಗೆ ಬಿಡಲಿಲ್ಲ.

ನಂತರ ಅದಕ್ಕೊಂದು ಪರೀಕ್ಷೆ ಇಟ್ಟರು. ಸಂಸ್ಥೆಯ ಮುಂಭಾಗದಲ್ಲಿ ಬಂದುಹೋಗುವವರು ಆಡಿ ನೋಡಲೆಂದು ಅಳಿಯನ ಯಂತ್ರದ ಒಂದು ನಮೂನೆ ಇಟ್ಟಿದ್ದರು. ಯಾವುದೇ ದಿನದ ದಾಖಲೆ ಕೊಟ್ಟರೆ ಅದು ಸಾಚಾವೋ, ಸೆನ್ಸರ್ ಕೆಟ್ಟಿದೆಯೋ ಎಂದು ಹೇಳುತ್ತಿತ್ತು. ಮಟಮಟ ಮಧ್ಯಾಹ್ನ ಶಾಲೆಯ ಹುಡುಗಿಯರ ಗುಂಪೊಂದರ ಹಿಂದೆ ಸಾಲಿನಲ್ಲಿ ನಿಂತು ಮೇಷ್ಟ್ರು ತಮ್ಮ ಗೆರೆಯನ್ನು ಅದರ ಬಾಯಿಗಿಟ್ಟರು. 'ಸೆನ್ಸರ್ ಸರಿಯಾಗಿದೆ' ಎಂದು ಹಸಿರು ಅಕ್ಷರ ಬೆಳಗಿತು. ಅಳಿಯನ ಯಂತ್ರ ಮಾವನ ಸಮೀಕರಣಕ್ಕೆ ಮೊದಲ ಬಾರಿಗೆ ತಲೆದೂಗಿತ್ತು. ಇದನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲವಲ್ಲ ಎಂಬ ದುಃಖ ಅವರನ್ನು ಮನೆಯವರೆಗೂ ಕಾಡಿತು.

ಭಾನುವಾರ ಮಗಳು ಅಳಿಯ ಊಟಕ್ಕೆ ಬಂದರು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಅತ್ತೆ ಬಾಯಿ ತೆರೆಯುವ ಮೊದಲೇ ಅಳಿಯ ಅಂಗಿಯ ತೋಳು ಮಡಚಿದ್ದ. "ಪಾಸ್‌ವರ್ಡ್ ಹಾಕಿ ಇಟ್ಟಿದ್ದೀನಿ ಮಾವ, ಕೊನೇ ಅಧ್ಯಾಯ ತೆರೆದೇ ಇದೆ. ನೀವು ತಿದ್ತಾ ಇರಿ," ಎಂದು ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಒಳಗೆ ಹೋದ.

"ನೋಡಿ, ಹೆಡ್ ಆದ್ರೂ ಎಷ್ಟು ಸರಳ. ನೀವು ಬಲ್ಬ್ ಕೂಡ ಬದಲಾಯಿಸಿದವರಲ್ಲ," ಎಂದು ಹೆಂಡತಿ ಹೇಳಿಯೇ ಹೋದಳು.

ಒಳಗೆ ಅಳಿಯ ನಲ್ಲಿಯ ಕತ್ತು ತಿರುಚುತ್ತಿದ್ದ. ಹೊರಗೆ ಮಾವ ಪೆನ್‌ಡ್ರೈವ್ ಚುಚ್ಚಿ, ಮೂಲ ದಾಖಲೆ ತೆರೆದು, ಖಾಲಿ ಜಾಗದಲ್ಲಿ ತಮ್ಮ ಗೆರೆಯನ್ನು ಕೂರಿಸಿದರು. ಎರಡು ತುದಿಗಳೂ ಅಕ್ಕಪಕ್ಕದ ಅಂಕಿಗಳಿಗೆ ಕೂಡಿಕೊಂಡಿವೆಯೇ ಎಂದು ಸವರಿ ನೋಡಿದರು. ಫೈಲಿನ ದಿನಾಂಕವನ್ನು ಹಿಂದಕ್ಕೆ ಸರಿಸಿದರು. ಎಲ್ಲ ನಡೆದದ್ದು ಅಳಿಯನ ಯಂತ್ರದಲ್ಲಿ, ಅಳಿಯನ ಹೆಸರಿನಲ್ಲಿ, ಅಳಿಯನ ಪಾಸ್‌ವರ್ಡಿನಲ್ಲಿ. ಆಮೇಲೂ ಸಮಯ ಉಳಿದಿದ್ದರಿಂದ ಕೊನೆಯ ಅಧ್ಯಾಯವನ್ನು ನಿಜವಾಗಿಯೂ ಓದಿ ಒಂದೆರಡು ಕಡೆ ತಿದ್ದಿದರು. ಒಪ್ಪಿಕೊಂಡ ಕೆಲಸದಲ್ಲಿ ಮೋಸ ಮಾಡುವುದು ಅವರ ಜಾಯಮಾನವಲ್ಲ. ಅಳಿಯ ಕೈ ಒರೆಸಿಕೊಳ್ಳುತ್ತ ಬಂದು, "ತೊಂದ್ರೆ ಕೊಟ್ಟೆ ಮಾವ," ಎಂದ. "ಛೆ ಛೆ, ಮನೆ ಕೆಲಸ," ಎಂದರು ಮೇಷ್ಟ್ರು.

ಅವತ್ತು ಸಂಜೆಯೇ ಪೆನ್‌ಡ್ರೈವನ್ನು ಒಡೆದು ಬಿಸಾಡಿದರು. ತಮ್ಮ ಲ್ಯಾಪ್‌ಟಾಪಿನಲ್ಲಿದ್ದ ಗೆರೆಯ ಪ್ರತಿಯನ್ನು ಗುರುತು ಉಳಿಯದ ಹಾಗೆ ಅಳಿಸಿದರು. ಪ್ರೋಗ್ರಾಮನ್ನೂ ಅದರೊಳಗೆ ಕೂರಿಸಿದ್ದ ಅಳತೆಗಳನ್ನೂ ಅಳಿಸಲಿಲ್ಲ, ಸಮೀಕರಣಗಳು ಇಟ್ಟುಕೊಂಡಿದ್ದಕ್ಕೆ ಯಾರೂ ಯಾರನ್ನೂ ಹಿಡಿದದ್ದಿಲ್ಲ.

ವರದಿ ಸಲ್ಲಿಕೆಯಾದ ಮೇಲೆ ಒಂದು ಬೆಳಿಗ್ಗೆ, ನಿರ್ದೇಶಕಿ ಕೇಳುವಷ್ಟು ಹತ್ತಿರ ನಿಂತಿದ್ದಾಗ, ಮೇಷ್ಟ್ರು ಇಕ್ಕಳದಣ್ಣನ ಯೋಗಕ್ಷೇಮ ವಿಚಾರಿಸಿದರು. ಮಾತಿಗೆ ಮಾತು ಬೆಳೆದು ನಡುಮಧ್ಯದ ಸೆನ್ಸರ್ ಈಗ ಹೇಗಿದೆ ಎಂದರು.

"ಅದಾ ಸಾರ್? ಈಗ ಗುಂಡುಕಲ್ಲಿನ ಹಂಗಿದೆ. ಅವತ್ತು ಗಾಳಿ ಬಂತಲ್ಲ, ಅವತ್ತು ನನ್ನ ಬೆಂಚ್ ಮೇಲೇ ಬಿದ್ದಿತ್ತು," ಎಂದ ಇಕ್ಕಳದಣ್ಣ.

ನಿರ್ದೇಶಕಿಯ ಕಿವಿ ನೆಟ್ಟಗಾಯಿತು. ಆಕೆ ಅದೇ ದಿನ ವರದಿಯ ಜೊತೆ ಬಂದ ದಾಖಲೆ ತೆಗೆಸಿ ಆ ಸೆನ್ಸರಿನ ಹೆಸರಿನಲ್ಲಿ ಅಂದಿನ ನಡುಕ ಇರುವುದನ್ನು ಕಂಡರು, ಮರುದಿನ ಬಾಗಿಲು ಮುಚ್ಚಿಕೊಂಡು ಅಳಿಯನನ್ನು ಕರೆಸಿದರು, ಅದರ ಮರುದಿನ ವಿಚಾರಣಾ ಸಮಿತಿ ರಚಿಸಿ ಮೇಷ್ಟ್ರನ್ನೇ ಅಧ್ಯಕ್ಷರಾಗಿ ಎಂದು ಕೇಳಿಕೊಂಡರು. ಮೇಷ್ಟ್ರು ಇದನ್ನೂ ಎಣಿಸಿದ್ದರು. "ನಾನು ಕೂತ್ರೆ ನ್ಯಾಯ ನಡೆದ ಹಾಗೆ ಕಾಣಲ್ಲ, ಅಳಿಯ ನೋಡಿ. ಹೊರಗಿನವರನ್ನ ಕರೆಸಿ," ಎಂದು ತಲೆ ತಗ್ಗಿಸಿದರು. ತಾಂತ್ರಿಕ ಸಲಹೆಗಾರರಾಗಿ ಮೂಲೆಯಲ್ಲೊಂದು ಕುರ್ಚಿ ಸಾಕೆಂದರು. ಅವರ ಪ್ರಾಮಾಣಿಕತೆಯನ್ನು ಕಂಡು ನಿರ್ದೇಶಕಿ ಕೈಮುಗಿದರು.

ವಿಚಾರಣೆಯ ಹಿಂದಿನ ಸಂಜೆ ಮಗಳು ಒಬ್ಬಳೇ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಅಪ್ಪನ ಎದುರು ಕೂತಳು.

"ಅಪ್ಪ, ಅವರು ಸರಿಯಾಗಿ ಊಟ ಮಾಡ್ತಿಲ್ಲ. ಅವರು ಇಂಥದ್ದು ಮಾಡೋರಲ್ಲ ಅಂತ ನಿಮಗಾದ್ರೂ ಗೊತ್ತಲ್ವಾ? ಕಲಿಸಿದವರು ನೀವು."

"ಗೊತ್ತಮ್ಮ."

"ನಾಳೆ ನೀವು ಅಲ್ಲಿ ಇರ್ತೀರಲ್ಲ, ಅದೊಂದೇ ಧೈರ್ಯ ನಮಗೆ. ಬೇರೆ ಯಾರನ್ನೂ ನಂಬಲ್ಲ ನಾನು."

"ನಾನಿದ್ದೀನಿ, ಹೋಗು," ಎಂದರು ಮೇಷ್ಟ್ರು. ಅವಳು ಎದ್ದು ಹೋಗುವಾಗ ಅವರಿಗೆ ಎದೆಯಲ್ಲಿ ಏನೋ ಹಿಂಡಿದಂತಾಯಿತು; ಅದನ್ನೂ ಅವರು ಸಣ್ಣ ಅಂಶವೆಂದೇ ಬದಿಗಿಟ್ಟರು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಗೆ ಪರದೆ. ನಿರ್ದೇಶಕಿಯ ಪಕ್ಕದಲ್ಲಿ ಬೇರೆ ಊರಿನ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕಿ, ಕಡಿಮೆ ಮಾತಿನ ಹೆಂಗಸು. ಎದುರಿಗೆ ಅಳಿಯ. ಅವನು ಮೇಷ್ಟ್ರು ಬಯಸಿದ್ದಕ್ಕಿಂತ ಚೆನ್ನಾಗಿ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡ. "ಅಲ್ಲಿ ಖಾಲಿ ಇತ್ತು ಅಂತಲೇ ನನ್ನ ನೆನಪು, ಮೇಡಂ. ಈ ಅಂಕಿ ಎಲ್ಲಿಂದ ಬಂತು ಅಂತ ನಂಗೆ ಗೊತ್ತಿಲ್ಲ," ಎಂದ. ಮೇಷ್ಟ್ರು ಮೂಲೆಯಲ್ಲಿ ಕೂತು ನೆಲ ನೋಡಿದರು.

ಆಮೇಲೆ ಎಲ್ಲ ತಿರುವುಮುರುವಾಗತೊಡಗಿತು. ಅಳಿಯನ ಮೇಲೆ ಅಭಿಮಾನವಿದ್ದ ಇಕ್ಕಳದಣ್ಣ ಒಳಗೆ ಬಂದವನೇ ತನ್ನ ಮಾತು ನುಂಗಿದ. "ಗಾಳಿ ಬಂದ ದಿನವೋ, ಮಾರನೇ ದಿನವೋ, ಆಣೆ ಮಾಡಿ ಹೇಳಕ್ಕಾಗಲ್ಲ ಮೇಡಂ. ನಾನು ಬಿಚ್ಚೋದು, ಹಾಕೋದು. ದಿನ ಎಲ್ಲಿ ನೆನಪಿರುತ್ತೆ?" ಪರೀಕ್ಷಕಿ ಗೆರೆಯನ್ನು ಪರದೆಯ ಮೇಲೆ ಹಾಕಿಸಿ, ಹಿಗ್ಗಿಸಿ ಕುಗ್ಗಿಸಿ, ಬಹಳ ಹೊತ್ತು ನೋಡಿದರು.

"ಇದು ನಿಜವಾದ ದಾಖಲೆ," ಎಂದರು ಕೊನೆಗೆ. "ಈ ಗದ್ದಲ ನೋಡಿ, ಎಷ್ಟು ಸಹಜವಾಗಿದೆ. ಇಂಥದ್ದನ್ನ ಕೂತು ತಯಾರು ಮಾಡೋಕೆ ಆಗಲ್ಲ. ಸೆನ್ಸರ್ ಸೇತುವೆ ಮೇಲೇ ಇತ್ತು. ಅವರು ಬಿಚ್ಚಿದ ದಿನ ಮರ್ತಿದ್ದಾರೆ, ಇವರು ಖಾಲಿ ಇತ್ತು ಅಂತ ತಪ್ಪು ನೆನಪಿಟ್ಕೊಂಡಿದ್ದಾರೆ. ಮನುಷ್ಯರ ನೆನಪು ಅಷ್ಟೇ. ಇಲ್ಲಿಗೆ ಮುಗಿಸೋಣ ಅಲ್ವಾ?"

ನಿರ್ದೇಶಕಿ ನಿರಾಳವಾಗಿ ಉಸಿರುಬಿಟ್ಟರು. ಮೇಷ್ಟ್ರಿಗೆ ಕುರ್ಚಿಯೇ ಕುಸಿದಂತಾಯಿತು. ಕೆಲಸ ಕೆಟ್ಟದಾಗಿದ್ದರೆ ಗೆಲ್ಲುತ್ತಿದ್ದರು, ಅಚ್ಚುಕಟ್ಟಾದದ್ದೇ ಮುಳುವಾಯಿತು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಅಳಿಯ ತಲೆಯೆತ್ತಿಕೊಂಡು ಹೊರಗೆ ಹೋಗುತ್ತಾನೆ, ಬೂದು ಕಂಬ ಎಂದೆಂದಿಗೂ ಬೂದು ಕಂಬವಾಗಿಯೇ ಉಳಿಯುತ್ತದೆ. ಅದರ ಜೊತೆಗೆ ಇನ್ನೊಂದು ಚುಚ್ಚುತ್ತಿತ್ತು, ನಿಜ ಹೇಳಬೇಕೆಂದರೆ ಅದೇ ಹೆಚ್ಚು ಚುಚ್ಚಿತು. ತಯಾರು ಮಾಡೋಕೆ ಆಗಲ್ಲವಂತೆ! ಯಾರಿಂದ ಆಗಲ್ಲ?

"ಕ್ಷಮಿಸಿ," ಎಂದು ಅವರು ಎದ್ದುನಿಂತರು. "ಸಂಬಂಧಿಕ ಅಂತ ಸುಮ್ಮನಿದ್ದೆ. ಆದ್ರೆ ವಿಜ್ಞಾನದ ಪ್ರಶ್ನೆ ಬಂದಾಗ ಅಳಿಯ ಮಗಳು ಅಂತ ನೋಡಕ್ಕಾಗಲ್ಲ. ಇಂಥದ್ದನ್ನ ಖಂಡಿತ ತಯಾರು ಮಾಡಬಹುದು, ಮೇಡಂ. ಅಪ್ಪಣೆಯಾದ್ರೆ ನಿಮ್ಮ ಕಣ್ಣೆದುರೇ ಮಾಡಿ ತೋರಿಸ್ತೀನಿ."

ಅಳಿಯ ಗಕ್ಕನೆ ತಲೆಯೆತ್ತಿ ಮಾವನನ್ನು ನೋಡಿದ. ಮೇಷ್ಟ್ರು ಆ ಕಡೆ ತಿರುಗಲಿಲ್ಲ. ಚೀಲದಿಂದ ಹಳೆಯ ಲ್ಯಾಪ್‌ಟಾಪ್ ತೆಗೆದು ಪರದೆಗೆ ಜೋಡಿಸಿದರು. ಮನಸ್ಸಿನಲ್ಲಿ ಲೆಕ್ಕ ಹಾಕಿಯೇ ಇದ್ದರು. ಸೇತುವೆ ಅದೇ, ಗಾಳಿ ಅದೇ. ಗೆರೆಯ ಏರಿಳಿತ ಹೋಲಲೇಬೇಕು, ಅದರಲ್ಲಿ ಯಾರೂ ತಪ್ಪು ಕಾಣರು. ಗದ್ದಲ ಮಾತ್ರ ಗೊತ್ತುಗುರಿಯಿಲ್ಲದ್ದು, ಅದು ಬೇರೆಯಾಗಿ ಬರುತ್ತದೆ. ಬಹಳ ವರ್ಷಗಳ ನಂತರ ಎಲ್ಲರ ಕಣ್ಣೂ ಮತ್ತೆ ಅವರ ಮೇಲಿತ್ತು. ಅವರು ತರಗತಿಯಲ್ಲಿ ನಿಂತವರಂತೆ ಒಂದೊಂದಾಗಿ ವಿವರಿಸುತ್ತ ಹೋದರು: ಇಲ್ಲಿ ಗಾಳಿ, ಇಲ್ಲಿ ತಂತಿಯ ಬಿಗಿತ, ಇಲ್ಲಿ ಗದ್ದಲದ ಪ್ರಮಾಣ ಇಷ್ಟು.

"ಈ ಪ್ರೋಗ್ರಾಂ ಯಾರದು ಸರ್?" ಎಂದರು ಪರೀಕ್ಷಕಿ, ಆಸಕ್ತಿಯಿಂದ.

"ನನ್ನದೇ. ಸಾಲು ಸಾಲೂ ನನ್ನದು. ಇವತ್ತಿನವರೆಗೆ ಯಾರಿಗೂ ಕೊಟ್ಟಿಲ್ಲ. ಅಳಿಯಂದ್ರು ವಿದ್ಯಾರ್ಥಿಯಾಗಿದ್ದಾಗ ಎಷ್ಟು ಸಲ ಕೇಳಿದ್ರೂ, ನಿಮ್ಮದನ್ನ ನೀವೇ ಬರ್ಕೊಳ್ಳಿ ಅಂದಿದ್ದೆ. ಅವರು ಅಂಥದ್ದೇ ಒಂದನ್ನ ಬರ್ಕೊಂಡಿರಬಹುದು ಅಂತಷ್ಟೇ ನನ್ನ ವಾದ," ಎಂದು ಮೇಷ್ಟ್ರು ಗುಂಡಿ ಒತ್ತಿದರು.

ಕೆಂಪು ಗೆರೆ ಎಡದಿಂದ ಬಲಕ್ಕೆ ಸರಸರನೆ ಓಡಿತು. ದಾಖಲೆಯ ಗೆರೆ ನೀಲಿಯದು. ಹೋಲಿಸಿ ನೋಡಲೆಂದು ಪರೀಕ್ಷಕಿ ಒಂದರ ಮೇಲೊಂದು ಇಡಲು ಹೇಳಿದರು. ಮೇಷ್ಟ್ರು ಇಟ್ಟರು. ಪರದೆಯ ಮೇಲೆ ಕೆಂಪು ಗೆರೆಯೊಂದೇ ಕಾಣುತ್ತಿತ್ತು.

"ನೀಲಿ ಎಲ್ಲಿ ಹೋಯ್ತು?" ಎಂದರು ನಿರ್ದೇಶಕಿ.

"ಕೆಳಗೇ ಇದೆ," ಎಂದರು ಪರೀಕ್ಷಕಿ. ಅವರ ದನಿ ಬದಲಾಗಿತ್ತು. "ಹಿಗ್ಗಿಸಿ ಸರ್. ಇನ್ನೂ. ಇನ್ನೂ."

ಎಷ್ಟು ಹಿಗ್ಗಿಸಿದರೂ ನೀಲಿ ಇಣುಕಲಿಲ್ಲ. ಗದ್ದಲದ ಒಂದೊಂದು ರೋಮವೂ ಒಂದರ ಮೇಲೊಂದು ಮಲಗಿತ್ತು.

"ಏನೋ ಗೊಂದಲ ಆಗಿದೆ," ಎಂದರು ಮೇಷ್ಟ್ರು. "ಇನ್ನೊಂದು ಸಲ ಓಡಿಸ್ತೀನಿ. ಈಗ ಬೇರೆ ಬರುತ್ತೆ, ನೋಡಿ."

"ಬೇಡ ಮಾವ," ಎಂದ ಅಳಿಯ ಮೆಲ್ಲಗೆ. ಕೋಣೆಯಲ್ಲಿ ಆ ಹೊತ್ತಿಗೆ ಎಲ್ಲವೂ ಅರ್ಥವಾದವನು ಅವನೊಬ್ಬನೇ, ಅವರ ಕೈಯಲ್ಲೇ ಕಲಿತವನಲ್ಲವೇ. ಎದ್ದು ಬಂದು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ. ಅವನ ಕಣ್ಣಲ್ಲಿ ನೀರಿತ್ತು. "ಒತ್ತಬೇಡಿ. ಸಾಕು."

ಮೇಷ್ಟ್ರು ಅವನ ಕೈ ತಳ್ಳಿ ಒತ್ತಿದರು. ಮತ್ತೆ ಅದೇ ಗೆರೆ ಬಂತು. ಇನ್ನೊಮ್ಮೆ ಒತ್ತಿದರು, ಮತ್ತೆ ಅದೇ. ಆಗ ಅವರಿಗೆ ನೆನಪಾಯಿತು. ಕಂಪ್ಯೂಟರಿಗೆ ತಾನಾಗಿ ಪಗಡೆ ಎಸೆಯಲು ಬರುವುದಿಲ್ಲ. ಗೊತ್ತುಗುರಿಯಿಲ್ಲದ್ದು ಬೇಕೆಂದರೂ ಅದಕ್ಕೆ ಹೊರಡಲೊಂದು ಸಂಖ್ಯೆ ಕೊಡಬೇಕು, ಕೊಟ್ಟ ಸಂಖ್ಯೆ ಅದೇ ಆದರೆ ಎದ್ದೇಳುವ ಗದ್ದಲವೂ ಕೂದಲೆಳೆಯಷ್ಟೂ ತಪ್ಪದೆ ಅದೇ. ಆ ಸಂಖ್ಯೆಯನ್ನು ಅವರು ಪ್ರೋಗ್ರಾಂ ಬರೆದ ವರ್ಷವೇ, ಯಾವ ದಿನ ಓಡಿಸಿದರೂ ತಮ್ಮ ಲೆಕ್ಕ ಒಂದೇ ಬರಲಿ, ತಮ್ಮ ಪ್ರಾಮಾಣಿಕತೆಯನ್ನು ಯಾರೂ ಅನುಮಾನಿಸದಿರಲಿ ಎಂದು, ಮೊದಲ ಸಾಲಿನಲ್ಲೇ ಗಟ್ಟಿಯಾಗಿ ಕೂರಿಸಿಟ್ಟಿದ್ದರು.